ಅಪ್ಪುಗೆಯ ಚಿತ್ರಪುಸ್ತಕ: ಯಾರ ಮಡಿಲಿಗೆ ಯಾವುದು?

ತೊಟ್ಟಿಲ ಕಾರ್ಯಕ್ಕೆ ಕರೆ ಬಂತು ಅಂದರೆ ಗೆಳತಿಯರು ನನಗೆ ಫೋನು ಮಾಡುತ್ತಾರೆ. "ಅಂಗಿ ಕುಂಚಿಗಿ ಎಲ್ಲಾರೂ ತರ್ತಾರ, ನೀ ಒಂದು ಚೊಲೋ ಪುಸ್ತಕ ಹೇಳವಾ" ಅಂತ. ಹೇಳಿದ್ದನ್ನೇ ಹತ್ತು ಸಲ ಹೇಳಿದ ಮೇಲೆ, ಒಮ್ಮೆ ಬರೆದೇ ಇಡೋಣ ಅನ್ನಿಸಿತು. ಇದು ಅದೇ.

ನಾವಿರೋದು ಬಾಗಲಕೋಟೆಯ ನವನಗರದಲ್ಲಿ. ಮಗಳಿಗೆ ಐದು ವರ್ಷ, ಮಗನಿಗೆ ಎರಡೂವರೆ. ಬೆಳಗಾವಿಗೆ ಕೊಟ್ಟಿರುವ ತಂಗಿಯ ಕೂಸಿಗೆ ಹತ್ತು ತಿಂಗಳು. ಅದೂ ತಿಂಗಳಿಗೊಮ್ಮೆಯಾದರೂ ನಮ್ಮ ಮನೆಗೆ ಬರುತ್ತದೆ. ಹೀಗೆ ಮೂರು ವಯಸ್ಸಿನ ಮಕ್ಕಳ ಕೈಗೆ ಸಿಕ್ಕ ಪುಸ್ತಕಗಳು ಇವು. ಅಪ್ಪಿಕೊಳ್ಳುವುದು, ಮುದ್ದು ಮಾಡುವುದು, ಅವ್ವನನ್ನು ಸ್ವಲ್ಪ ಹೊತ್ತು ಬಿಟ್ಟಿರುವುದು, ಇಂಥ ಪುಸ್ತಕಗಳನ್ನು ಮಾತ್ರ ಇಲ್ಲಿ ಹೋಲಿಸಿದ್ದೇನೆ.

ಪುಸ್ತಕ ಕೊಳ್ಳುವ ಮೊದಲು ಎಲ್ಲರೂ ಕೇಳುವುದು ಮಗುವಿನ ವಯಸ್ಸು. ನಾನು ಅದಕ್ಕೂ ಮೊದಲು ಇನ್ನೊಂದು ಕೇಳುತ್ತೇನೆ. ಆ ಪುಸ್ತಕವನ್ನು ಮನೆಯಲ್ಲಿ ಯಾರು ಓದುತ್ತಾರೆ? ನಮ್ಮಲ್ಲಿ ನಾನು ಬೆಳಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಹಗಲೆಲ್ಲ ಮಕ್ಕಳು ಇರುವುದು ಅವರ ಆಯಿ ಹತ್ತಿರ, ಅಂದರೆ ನಮ್ಮ ಅತ್ತೆಯ ಹತ್ತಿರ. ಅತ್ತೆ ಗುಳೇದಗುಡ್ಡದವರು. ನಾಲ್ಕನೇ ಇಯತ್ತೆ ತನಕ ಓದಿದ್ದಾರೆ. ದೊಡ್ಡ ಅಕ್ಷರದ ಕನ್ನಡ ನಿಧಾನವಾಗಿ ಓದುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ಈ ಒಂದು ವಿಷಯ ನಾನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮೊದಲ ಎರಡು ವರ್ಷ ಪುಸ್ತಕ ತರಿಸಿದೆ. ಅವೆಲ್ಲ ರಾತ್ರಿ ಅರ್ಧ ಗಂಟೆ ಬಿಟ್ಟರೆ ಹಗಲೆಲ್ಲ ಮುಚ್ಚಿಕೊಂಡೇ ಇರುತ್ತಿದ್ದವು.

ಇನ್ನೊಂದು ತೊಡಕು ಮಾತಿನದು. ಇಂಗ್ಲಿಷಿನ ಇಂಥ ಪುಸ್ತಕಗಳಲ್ಲಿ "ಐ ಲವ್ ಯು" ಮತ್ತೆ ಮತ್ತೆ ಬರುತ್ತದೆ. ಅದನ್ನು "ನಾನು ನಿನ್ನನ್ನು ಪ್ರೀತಿಸುತ್ತೇನೆ" ಅಂತ ಮಾಡಿ ಜೋರಾಗಿ ಓದಿ ನೋಡಿ. ನಾಲಿಗೆ ತಡೆಯುತ್ತದೆ. ಯಾವ ಅವ್ವ ತನ್ನ ಕೂಸಿಗೆ ಹಾಗೆ ಹೇಳುತ್ತಾಳೆ? ನಮ್ಮಲ್ಲಿ ಮಗನನ್ನೇ "ಯಪ್ಪಾ" ಅಂತ, ಮಗಳನ್ನೇ "ಯವ್ವಾ" ಅಂತ ಕರೆಯುತ್ತೇವೆ. "ನನ್ನ ಬಂಗಾರ" ಅನ್ನುತ್ತೇವೆ. ಆಯಿ ಎರಡೂ ಕೈಯಿಂದ ಕೂಸಿನ ಗಲ್ಲ ಸವರಿ, ಆ ಕೈಬೆರಳು ತನ್ನ ಕಪಾಳಕ್ಕೆ ಒತ್ತಿ ಲಟಿಗೆ ಮುರಿಯುತ್ತಾಳೆ. ಲಟಲಟ ಸದ್ದು ಬಂದಷ್ಟೂ ಕೂಸಿಗೆ ದೃಷ್ಟಿ ಜಾಸ್ತಿ ಆಗಿತ್ತು ಅಂತ ಲೆಕ್ಕ. ನಮ್ಮ ಕಡೆ ಅಕ್ಕರೆ ಅಂದರೆ ಇದು. ಹಾಗಾಗಿ ನಾನು ಕಂಡುಕೊಂಡಿದ್ದು ಇಷ್ಟು: ಅಕ್ಕರೆಯ ಪುಸ್ತಕದಲ್ಲಿ ಮಾತು ಕಡಿಮೆ ಇದ್ದಷ್ಟೂ ಒಳ್ಳೆಯದು. ಓದುವವರು ತಮ್ಮ ಮಾತು ಹಾಕಲಿಕ್ಕೆ ಜಾಗ ಇರುತ್ತದೆ.

ಮೂರೇ ಮಾತಿನ ಪುಸ್ತಕ, ಮಾತೇ ಜಾಸ್ತಿಯ ಪುಸ್ತಕ

ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಈ ಅಂತರ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಜೆಜ್ ಆಲ್ಬರೋ ಅವರ 'ಹಗ್', 2000ದಲ್ಲಿ ಬಂದಿದ್ದು. ಇನ್ನೊಂದು ಸ್ಯಾಮ್ ಮೆಕ್‌ಬ್ರಾಟ್ನಿ ಬರೆದು ಅನಿತಾ ಜೆರಾಮ್ ಚಿತ್ರ ಬರೆದ 'ಗೆಸ್ ಹೌ ಮಚ್ ಐ ಲವ್ ಯು', 1994ರದು. ಎರಡೂ ಹೆಸರಾದ ಪುಸ್ತಕಗಳು. ಎರಡೂ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತವೆ.

'ಹಗ್' ಪುಸ್ತಕದಲ್ಲಿ ಇರುವುದು ಮೂರೇ ಪದ. ಹಗ್, ಮಮ್ಮಿ, ಮತ್ತು ಬೋಬೋ ಅನ್ನುವ ಹೆಸರು. ಬೋಬೋ ಒಂದು ಚಿಂಪಾಂಜಿ ಮರಿ. ಕಾಡಿನಲ್ಲಿ ನಡೆದುಕೊಂಡು ಹೋಗುತ್ತಾ ಆನೆ ಮರಿ ತನ್ನ ತಾಯಿಗೆ ಅಂಟಿಕೊಂಡಿದ್ದು ನೋಡುತ್ತದೆ. ಹಾವು ಮರಿಗೆ ಸುತ್ತಿಕೊಂಡಿದ್ದು ನೋಡುತ್ತದೆ. ಸಿಂಹ, ಜಿರಾಫೆ ಎಲ್ಲವೂ ತಮ್ಮ ತಮ್ಮ ಮರಿಗಳ ಜೊತೆ. ಮೊದಲು ಖುಷಿಯಿಂದ ಬೆರಳು ಮಾಡಿ ತೋರಿಸುವ ಮರಿ, ನೋಡ್ತಾ ನೋಡ್ತಾ ಸಪ್ಪಗಾಗುತ್ತದೆ. ಅದರ ಅವ್ವ ಎಲ್ಲೂ ಕಾಣುವುದಿಲ್ಲ. ಕೊನೆಗೆ ಓಡಿ ಬರುತ್ತಾಳೆ.

ಈ ಪುಸ್ತಕ ಬಂದ ಮರುದಿನ ಸಂಜೆ ನಾನು ಮನೆಗೆ ಬಂದಾಗ ಅತ್ತೆ ಕಟ್ಟೆ ಮೇಲೆ ಕೂತು ಅದನ್ನೇ ಬಿಚ್ಚಿದ್ದರು. ಮಗ ತೊಡೆ ಮೇಲೆ, ಮಗಳು ಬೆನ್ನಿಗೆ ಜೋತುಬಿದ್ದು. ನಾನು ಚಪ್ಪಲಿ ಬಿಡದೆ ಅಲ್ಲೇ ನಿಂತು ಕೇಳಿದೆ.

"ನೋಡಪಾ, ಆನಿ ಮರಿ ಅದರವ್ವನ ಸೊಂಡಿಲಕ್ಕ ಹೆಂಗ ಹತ್ತಿಕೊಂಡೈತಿ. ಇದಕ? ಇದಕ ಯಾರೂ ಇಲ್ಲೇನ? ಎಲ್ಲಿ ಹೋದ್ಳಪಾ ಇದರವ್ವ? ಹೊಲಕ್ಕ ಹೋಗ್ಯಾಳೇನ?"

ಮಗ ಗಂಭೀರವಾಗಿ ಹೇಳಿದ. "ಕೆಲಸಕ್ಕ ಹೋಗ್ಯಾಳ. ಬರ್ತಾಳ."

ಆ ಪುಸ್ತಕದಲ್ಲಿ ಹೊಲವೂ ಇಲ್ಲ, ಕೆಲಸವೂ ಇಲ್ಲ. ಮಾತು ಖಾಲಿ ಬಿಟ್ಟ ಜಾಗದಲ್ಲಿ ನಮ್ಮ ಮನೆ ಬಂದು ಕೂತಿತು. ಅತ್ತೆ ಕೊನೆಯ ಪುಟಕ್ಕೆ ಬಂದಾಗ "ಬಂದ್ಳು ನೋಡು ನಮ್ಮವ್ವ, ತೆಕ್ಕಿಗೆ ಬಾ" ಅಂದರು. ಮಗ ಪುಸ್ತಕ ಬಿಟ್ಟು ನನ್ನ ಕಡೆ ಓಡಿ ಬಂದ. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಪುಸ್ತಕದ ಹೆಸರು 'ತೆಕ್ಕಿ ಪುಸ್ತಕ'.

ಇನ್ನೊಂದು, ಅಂದರೆ ಮೊಲದ ಪುಸ್ತಕದ ದಾರಿ ಬೇರೆ. ಅಲ್ಲಿ ಸಣ್ಣ ಮೊಲ ಮಲಗುವ ಹೊತ್ತಿಗೆ ತನ್ನ ಅಕ್ಕರೆ ಎಷ್ಟು ಅಂತ ತೋರಿಸುತ್ತದೆ. ಎರಡೂ ಕೈ ಅಗಲ ಮಾಡಿ, ಇಷ್ಟು. ದೊಡ್ಡ ಮೊಲವೂ ಕೈ ಅಗಲ ಮಾಡುತ್ತದೆ. ಅದರ ಕೈ ಉದ್ದ. ಆಮೇಲೆ ಎತ್ತರಕ್ಕೆ ಕೈ ಚಾಚುವುದು, ಜಿಗಿಯುವುದು, ಕೊನೆಗೆ ನಿದ್ದೆಗಣ್ಣಿನಲ್ಲಿ ಚಂದ್ರನ ತನಕ. ದೊಡ್ಡ ಮೊಲ ಹೇಳುತ್ತದೆ, ಚಂದ್ರನ ತನಕ ಹೋಗಿ ಮತ್ತೆ ವಾಪಸ್ ಬರುವಷ್ಟು. ಪುಟಕ್ಕೆ ಮೂರು ನಾಲ್ಕು ಸಾಲು ಮಾತಿದೆ. ಇಂಗ್ಲಿಷ್ ಬಲ್ಲವರೇ ಓದಬೇಕು, ಓದುತ್ತಲೇ ಕನ್ನಡ ಮಾಡಬೇಕು.

ಆದರೂ ನಾನು ಇದನ್ನು ಬುಟ್ಟಿಯಿಂದ ತೆಗೆದಿಲ್ಲ. ಒಂದು ಕಾರಣ, ಮಗುವಿನ ಮೈಗೆ ಇದರಲ್ಲಿ ಕೆಲಸ ಇದೆ. ಕೈ ಅಗಲ ಮಾಡು, ಮೇಲೆ ಚಾಚು, ಜಿಗಿ. "ಎಷ್ಟು?" ಅಂತ ಕೇಳಿದರೆ ಸಾಕು, ಓದು ಆಟ ಆಗುತ್ತದೆ. ಇನ್ನೊಂದು ಕಾರಣ ಇನ್ನೂ ದೊಡ್ಡದು. ಮೂಲದಲ್ಲಿ ದೊಡ್ಡ ಮೊಲವನ್ನು ಗಂಡು ಅಂತಲೇ ಹೇಳಿದೆ. ಅಕ್ಕರೆಯ ಪುಸ್ತಕಗಳಲ್ಲಿ ಅವ್ವಂದಿರೇ ತುಂಬಿದ್ದಾರೆ, ಅಪ್ಪ ಎಲ್ಲೋ ಒಂದು ಕಡೆ. ನಮ್ಮ ಕಡೆಯ ಎಷ್ಟೋ ಗಂಡಸರು ಮಗುವನ್ನು ಹೆಗಲ ಮೇಲೆ ಹೊತ್ತು ಜಾತ್ರೆ ಸುತ್ತಿಸುತ್ತಾರೆ, ಬಾಯಿಬಿಟ್ಟು ಒಂದು ಮುದ್ದಿನ ಮಾತು ಆಡುವುದಿಲ್ಲ. ನಮ್ಮ ಮನೆಯವರಿಗೂ ಅದು ಬರುತ್ತಿರಲಿಲ್ಲ. ಈ ಪುಸ್ತಕ ಹಿಡಿದಾಗ ಬಂತು. ಮೊಲದ ನೆಪದಲ್ಲಿ ಅವರು ಮಗಳಿಗೆ "ಇಳಕಲ್ ತನಕ ಹೋಗಿ ತಿರುಗಿ ಬರೋವಷ್ಟು" ಅಂದರು. ಮಗಳು "ಅಷ್ಟೇನಾ?" ಅಂದಳು. ಈಗ ಅದು ಹುಬ್ಬಳ್ಳಿ ದಾಟಿ ಬೆಂಗಳೂರು ತನಕ ಬೆಳೆದಿದೆ.

ಹಗಲು ಅಜ್ಜಿಯ ಹತ್ತಿರ ಇರುವ ಮಗುವಿಗೆ, ಒಂದೂವರೆ ವರ್ಷದಿಂದ ಮೂರರ ತನಕ 'ಹಗ್' ಕೊಡಿ. ಮೂರು ದಾಟಿದ ಮೇಲೆ, ರಾತ್ರಿ ಅಪ್ಪ ಓದುವ ಮನೆ ಆದರೆ ಮೊಲದ್ದು.

ಸೀರೆಯೂ ಒಂದು ತೆಕ್ಕೆ

ಇಂಗ್ಲಿಷ್ ಪುಸ್ತಕಗಳನ್ನು ಬದಿಗಿಟ್ಟು, ನಮ್ಮದೇ ಅನ್ನಿಸುವ ಪುಸ್ತಕ ಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು 'ಮೈ ಮದರ್ಸ್ ಸಾರಿ'. ಬರೆದವರು ಸಂಧ್ಯಾ ರಾವ್, ಚಿತ್ರ ನೀನಾ ಸಬ್ನಾನಿ ಅವರದು. ಚೆನ್ನೈನ ತೂಲಿಕಾ ಪ್ರಕಾಶನದ ಪುಸ್ತಕ. ಇದರಲ್ಲಿ ಅಪ್ಪುಗೆ ಅನ್ನುವ ಮಾತಿಲ್ಲ. ಅವ್ವನ ಮುಖ ನೋಡಲಿಕ್ಕೆ ಸಿಗುವುದಿಲ್ಲ. ಇರುವುದು ಅವಳ ಸೀರೆ. ಮಕ್ಕಳು ಆ ಸೀರೆಯನ್ನು ರೈಲು ಮಾಡಿಕೊಳ್ಳುತ್ತಾರೆ, ಅದರಲ್ಲಿ ಅಡಗಿಕೊಳ್ಳುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಸುತ್ತಿಕೊಂಡು ಮಲಗುತ್ತಾರೆ. ಮಕ್ಕಳದು ಬಣ್ಣದಲ್ಲಿ ಬರೆದ ಚಿತ್ರ. ಸೀರೆಗಳು ಮಾತ್ರ ನಿಜವಾದ ಸೀರೆಯ ಫೋಟೋ. ನೂಲಿನ ಎಳೆ ಎಳೆ ಕಾಣುತ್ತದೆ.

ನನ್ನ ಮಗ ಪುಟದ ಮೇಲೆ ಕೈ ಸವರುತ್ತಾನೆ. ಕಾಗದ ನುಣ್ಣಗಿದೆ, ಚಿತ್ರದಲ್ಲಿ ಬಟ್ಟೆ ಇದೆ, ಅವನಿಗೆ ಅದು ಬಗೆಹರಿಯುವುದಿಲ್ಲ. ಆಮೇಲೆ ಪಕ್ಕದಲ್ಲಿ ಕೂತ ಆಯಿಯ ಇಳಕಲ್ ಸೀರೆ ಹಿಡಿಯುತ್ತಾನೆ. ತೋಪು ತೆನೆಯ ಕೆಂಪು ಸೆರಗು. ಪುಟ, ಸೆರಗು, ಮತ್ತೆ ಪುಟ. ನಮ್ಮ ಕಡೆಯ ಯಾವ ಮಗು ಅವ್ವನ ಸೆರಗಿನ ತುದಿ ಹಿಡಿಯದೆ ನಿದ್ದೆ ಮಾಡಿದೆ ಹೇಳಿ? ಅವ್ವ ಊರಿಗೆ ಹೋದರೆ ಅವಳ ಹಳೆ ಸೀರೆ ಹಾಸಿ ಮಲಗಿಸುವುದು, ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವುದು ನಮ್ಮಲ್ಲಿ ಹಿಂದಿನಿಂದ ಬಂದಿದ್ದು. ಅಮೆರಿಕದ ಹ್ಯಾರಿ ಹಾರ್ಲೋ ಅನ್ನುವ ವಿಜ್ಞಾನಿ 1950ರ ದಶಕದಲ್ಲಿ ಕೋತಿ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ ಒಂದು ಪರೀಕ್ಷೆ ಮಾಡಿದ್ದರು. ಹಾಲು ಕೊಡುವ ತಂತಿಯ ಬೊಂಬೆ ಒಂದು, ಮೆತ್ತನೆ ಬಟ್ಟೆ ಸುತ್ತಿದ ಬೊಂಬೆ ಒಂದು. ಮರಿಗಳು ಹಾಲು ಕುಡಿಯಲಿಕ್ಕೆ ಮಾತ್ರ ತಂತಿಯ ಹತ್ತಿರ ಹೋಗಿ, ಉಳಿದ ಹೊತ್ತೆಲ್ಲ ಬಟ್ಟೆಯ ಬೊಂಬೆಯನ್ನೇ ತಬ್ಬಿಕೊಂಡಿರುತ್ತಿದ್ದವು. ಆ ಮರಿಗಳನ್ನು ನೆನೆದರೆ ನನಗೆ ಸಂಕಟ ಆಗುತ್ತದೆ. ಕೌದಿ ಹೊಲಿಯುವ ಅಜ್ಜಿಯರಿಗೆ ಅದು ಪರೀಕ್ಷೆ ಇಲ್ಲದೆಯೇ ಗೊತ್ತಿತ್ತು.

ತೂಲಿಕಾ ಪುಸ್ತಕಗಳ ಇನ್ನೊಂದು ಅನುಕೂಲ, ಒಂದೇ ಪುಟದಲ್ಲಿ ಇಂಗ್ಲಿಷ್ ಮತ್ತು ಒಂದು ಭಾರತೀಯ ಭಾಷೆ ಎರಡೂ ಇರುವ ಪುಸ್ತಕಗಳನ್ನು ಅವರು ಮಾಡುತ್ತಾರೆ. ಕನ್ನಡವೂ ಇದೆ, ಮರಾಠಿಯೂ ಇದೆ. ಬೆಳಗಾವಿಯಲ್ಲಿ ಇದರ ಬೆಲೆ ಗೊತ್ತಾಗುವುದು. ತಂಗಿಯ ಮನೆಯಲ್ಲಿ ಅವಳು ಕನ್ನಡ, ಅತ್ತೆ ಮಾವ ಮರಾಠಿ. ಕೂಸಿನ ಸುತ್ತ ಎರಡೂ ಭಾಷೆ ಓಡಾಡುತ್ತದೆ. ಒಂದೇ ಚಿತ್ರವನ್ನು ಅವ್ವ ಕನ್ನಡದಲ್ಲಿ, ಅಜ್ಜಿ ಮರಾಠಿಯಲ್ಲಿ ಹೇಳಬಹುದು. ಎರಡು ಪ್ರತಿ ಕೊಂಡರೂ ದುಡ್ಡು ದಂಡ ಅಲ್ಲ. ತರಿಸುವಾಗ ಮಾತ್ರ ಭಾಷೆ ಯಾವುದು ಅಂತ ಎರಡು ಸಲ ನೋಡಿ. ಮುಖಪುಟ ಒಂದೇ ಥರ ಇರುತ್ತದೆ.

ಮೂರು ತಿಂಗಳಿಂದ ಐದು ವರ್ಷದ ತನಕ ಎಲ್ಲರ ಕೈಯಲ್ಲೂ ಓಡಾಡಿದ್ದು ನಮ್ಮಲ್ಲಿ ಇದೊಂದೇ.

ಮುಳ್ಳಿದ್ದವರ ಕಥೆಗಳು

ಇನ್ನೆರಡು ಪುಸ್ತಕ ಒಂದೇ ಪ್ರಶ್ನೆ ಹಿಡಿದು ಹೊರಟಿವೆ. ಅಪ್ಪಿಕೊಳ್ಳಲಿಕ್ಕೆ ಬಾರದವರನ್ನು ಯಾರು ಅಪ್ಪಿಕೊಳ್ಳುತ್ತಾರೆ?

ಸಿಮೋನಾ ಚಿರಾವೊಲೊ ಅವರ 'ಹಗ್ ಮಿ', 2014ರದು. ಇದರ ನಾಯಕ ಫೆಲಿಪೆ ಒಂದು ಸಣ್ಣ ಕಳ್ಳಿ ಗಿಡ. ಅವನಿಗೆ ಬೇಕಾಗಿರುವುದು ಒಂದು ಅಪ್ಪುಗೆ. ಅವನ ಮನೆಯವರು ಮುಟ್ಟುವವರಲ್ಲ, ಬಿಗಿ ಜನ. ಒಂದು ಪುಗ್ಗಾ, ಅಂದರೆ ಬಲೂನು, ಗೆಳೆಯನಾಗಿ ಬರುತ್ತದೆ. ಮುಂದೇನಾಗುತ್ತದೆ ಅಂತ ಮಕ್ಕಳಿಗೆ ಮೊದಲೇ ಗೊತ್ತಾಗುತ್ತದೆ, ಉಸಿರು ಹಿಡಿದು ಕೂರುತ್ತಾರೆ. ಪಟ್! ಕಳ್ಳಿ ಮನೆ ಬಿಟ್ಟು ಹೋಗುತ್ತದೆ. ಕೊನೆಗೆ ತನ್ನ ಹಾಗೆಯೇ ಒಂಟಿಯಾಗಿ ಅಳುತ್ತಿರುವ ಒಂದು ಕಲ್ಲು ಸಿಗುತ್ತದೆ. ಕಲ್ಲಿಗೆ ಮುಳ್ಳು ಚುಚ್ಚುವುದಿಲ್ಲವಲ್ಲ.

ನಮ್ಮ ಮಕ್ಕಳಿಗೆ ಈ ಕಥೆ ಬಿಡಿಸಿ ಹೇಳುವುದೇ ಬೇಡ. ಬಾಗಲಕೋಟೆ, ವಿಜಯಪುರದ ಹೊಲದ ಬದುವಿನಲ್ಲಿ ಡಬ್ಬಗಳ್ಳಿ ಕಾಣದ ಮಗು ಇಲ್ಲ. ಮುಳ್ಳು ಚುಚ್ಚಿಸಿಕೊಳ್ಳದ ಮಗುವೂ ಕಡಿಮೆ. ಬಾದಾಮಿಯ ಬಂಡೆಗಳನ್ನೂ ಅವರು ನೋಡಿದ್ದಾರೆ. ಕಳ್ಳಿ ಮತ್ತು ಕಲ್ಲು, ಎರಡೂ ನಮ್ಮ ನೆಲದವೇ. ಮಗಳು ಹೊಲಕ್ಕೆ ಹೋದಾಗ ಡಬ್ಬಗಳ್ಳಿಯ ಬುಡಕ್ಕೆ ಒಂದು ಕಲ್ಲು ಒಯ್ದು ಇಟ್ಟು ಬಂದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು 'ದಿ ಹಗ್', 2019ರದು. ಓವನ್ ಮೆಕ್‌ಲಾಫ್ಲಿನ್ ಬರೆದು ಪಾಲಿ ಡನ್ಬರ್ ಚಿತ್ರ ಮಾಡಿದ್ದು. ಮೈತುಂಬ ಮುಳ್ಳಿರುವ ಒಂದು ಪುಟ್ಟ ಪ್ರಾಣಿ, ಗಟ್ಟಿ ಚಿಪ್ಪಿನ ಒಂದು ಆಮೆ. ಇಬ್ಬರನ್ನೂ ಯಾರೂ ಅಪ್ಪಿಕೊಳ್ಳುವುದಿಲ್ಲ. ಈ ಪುಸ್ತಕದ ಚೆಂದ ಅದರ ಕಟ್ಟಿನಲ್ಲಿದೆ. ಒಂದು ಕಡೆಯಿಂದ ಓದಿದರೆ ಮುಳ್ಳಿನವನ ಕಥೆ. ಪುಸ್ತಕ ತಿರುವಿ ತಲೆಕೆಳಗು ಮಾಡಿ ಹಿಂದಿನಿಂದ ಓದಿದರೆ ಆಮೆಯ ಕಥೆ. ಎರಡೂ ನಡುವಿನ ಪುಟಕ್ಕೆ ಬಂದು ಸೇರುತ್ತವೆ, ಅಲ್ಲಿ ಇಬ್ಬರೂ ತಬ್ಬಿಕೊಳ್ಳುತ್ತಾರೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ಇದೇ ಇಬ್ಬರು ಮುಟ್ಟದೆ ಹೇಗೆ ಅಕ್ಕರೆ ತೋರಿಸಬಹುದು ಅನ್ನುವ ಇನ್ನೊಂದು ಪುಸ್ತಕವೂ ಬಂತು.

ಯಾವುದು ಕೊಳ್ಳಲಿ ಅಂದರೆ, ಮೂರು ವರ್ಷದವರಿಗೆ ಆಮೆಯದು. ಅದರಲ್ಲಿ ದುಃಖ ಬೇಗ ಮುಗಿಯುತ್ತದೆ, ಪುಸ್ತಕ ತಿರುಗಿಸುವ ಆಟವೂ ಇದೆ. ಕಳ್ಳಿಯದು ನಾಲ್ಕು ದಾಟಿದ ಮೇಲೆ. ಅದರ ನಡುವಿನ ಒಂಟಿತನ ಸಣ್ಣ ಮಕ್ಕಳಿಗೆ ಭಾರ ಆಗಬಹುದು. ಆದರೆ ಎರಡರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಕಳ್ಳಿಯನ್ನೇ ಇಟ್ಟುಕೊಳ್ಳುತ್ತೇನೆ. ಮನೆಯವರು ಮುಟ್ಟಿ ಮಾತಾಡಿಸುವುದಿಲ್ಲ ಅನ್ನುವ ನೋವನ್ನು ಮಕ್ಕಳ ಪುಸ್ತಕದಲ್ಲಿ ಇಷ್ಟು ನೇರವಾಗಿ ಹೇಳಿದ್ದು ನಾನು ಬೇರೆ ಕಡೆ ಕಂಡಿಲ್ಲ. ದೊಡ್ಡವರೂ ಓದಬೇಕು.

ಬಿಟ್ಟು ಹೋಗುವ ದಿನಗಳಿಗೆ

ಎಂಟು ಹತ್ತು ತಿಂಗಳಿಗೆ ಶುರುವಾಗಿ ಒಂದೂವರೆ ವರ್ಷದ ತನಕ ಮಕ್ಕಳು ಅವ್ವ ಕಣ್ಣಿಗೆ ಮರೆಯಾದರೆ ಸಾಕು, ಅಳುತ್ತಾರೆ. ಅದು ಬೆಳವಣಿಗೆಯ ಒಂದು ಹಂತ, ಹಟ ಅಲ್ಲ. ಶಾಲೆಗೆ ಸೇರಿದಾಗ ಅದು ಇನ್ನೊಮ್ಮೆ ಬರುತ್ತದೆ. ಜೂನ್ ತಿಂಗಳಲ್ಲಿ ಯಾವ ಅಂಗನವಾಡಿ, ಯಾವ ಎಲ್‌ಕೆಜಿ ಬಾಗಿಲಿಗೆ ಹೋದರೂ ಈ ಅಳು ಕೇಳುತ್ತದೆ, ಅಲ್ವಾ.

ಶಾಲೆಯ ಅಳುವಿಗೆ ಆಡ್ರಿ ಪೆನ್ ಅವರ 'ದಿ ಕಿಸ್ಸಿಂಗ್ ಹ್ಯಾಂಡ್', 1993. ರಕೂನ್ ಅನ್ನುವ ಅಮೆರಿಕದ ಕಾಡುಪ್ರಾಣಿಯ ಮರಿ ಶಾಲೆಗೆ ಹೋಗಲು ಒಲ್ಲೆ ಅನ್ನುತ್ತದೆ. ಅವ್ವ ಅದರ ಅಂಗೈಗೆ ಒಂದು ಮುದ್ದು ಕೊಟ್ಟು, ನೆನಪಾದಾಗ ಆ ಅಂಗೈ ಗಲ್ಲಕ್ಕೆ ಒತ್ತಿಕೋ ಅನ್ನುತ್ತಾಳೆ. ಕಥೆ ಉದ್ದ ಇದೆ. ರಕೂನ್ ಅಂದರೆ ಏನು ಅಂತ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ನಾನು ಅರ್ಧಕ್ಕರ್ಧ ಬಿಟ್ಟು ಹೇಳಿದೆ. ಆದರೆ ಅಂಗೈ ಮುದ್ದು ಉಳಿಯಿತು. ಮಗಳು ಶಾಲೆಯ ಗೇಟಿನಲ್ಲಿ ಕೈ ಮುಂದೆ ಮಾಡುತ್ತಾಳೆ. ಮುದ್ದು ಕೊಟ್ಟರೆ ಮುಷ್ಟಿ ಬಿಗಿದು ಒಳಗೆ ಹೋಗುತ್ತಾಳೆ. ಮೊದಲ ವಾರ ಮಧ್ಯಾಹ್ನದ ತನಕ ಆ ಮುಷ್ಟಿ ಬಿಚ್ಚಿರಲಿಲ್ಲ ಅಂತ ಅವಳ ಟೀಚರ್ ಹೇಳಿದರು. ನಿಜ ಹೇಳಬೇಕೆಂದರೆ ಪುಸ್ತಕ ಕೊಳ್ಳದಿದ್ದರೂ ನಡೆಯುತ್ತದೆ, ಈ ಆಟ ಕಲಿಸಿದರೆ ಸಾಕು.

ಕೆಲಸಕ್ಕೆ ಹೋಗುವ ಅವ್ವಂದಿರ ಸಣ್ಣ ಮಕ್ಕಳಿಗೆ ಮಾರ್ಟಿನ್ ವಾಡೆಲ್ ಬರೆದು ಪ್ಯಾಟ್ರಿಕ್ ಬೆನ್ಸನ್ ಚಿತ್ರ ಮಾಡಿದ 'ಔಲ್ ಬೇಬೀಸ್', 1992. ಮೂರು ಗೂಬೆ ಮರಿಗಳು ರಾತ್ರಿ ಎದ್ದಾಗ ಅವ್ವ ಇಲ್ಲ. ದೊಡ್ಡವಿಬ್ಬರು ಏನೇನೋ ಸಮಾಧಾನ ಹೇಳಿಕೊಳ್ಳುತ್ತಾರೆ. ಸಣ್ಣದು ಮಾತ್ರ ಪ್ರತಿ ಸಲ ಒಂದೇ ಮಾತು, ನನಗೆ ಅವ್ವ ಬೇಕು. ಕೊನೆಗೆ ಅವ್ವ ಬರುತ್ತಾಳೆ. ನಮ್ಮ ಮನೆಯಲ್ಲಿ ಇದಕ್ಕೆ ಒಂದು ಅಡ್ಡಿ ಬಂತು. "ಗೂಗಿ ಚಿತ್ರ ತಂದು ಕೂಸಿನ ಮಗ್ಗಲಕ ಇಡ್ತಾರೇನ?" ಅಂದರು ಅತ್ತೆ. ಗೂಬೆ ಅಪಶಕುನ ಅನ್ನುವುದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿದೆ. ನಾನು ವಾದ ಮಾಡಲಿಲ್ಲ. ಹಗಲು ಹೊತ್ತಿನಲ್ಲಿ ಓದಿದೆವು. ಸಣ್ಣ ಮರಿಯ "ಅವ್ವ ಬೇಕು" ಅನ್ನುವುದನ್ನು ಮಗ ಕೂಗುತ್ತಿದ್ದ. ತಿಂಗಳಾದ ಮೇಲೆ ಅತ್ತೆಯೇ ಆ ಸಣ್ಣದಕ್ಕೆ "ಪಾಪ, ಇದು ನಮ್ಮ ಹುಡುಗನಂಗ ಐತಿ" ಅಂದರು. ನಿಮ್ಮ ಮನೆ ಹಿರಿಯರಿಗೆ ಬೇಸರ ಅನ್ನಿಸಿದರೆ ಬಿಟ್ಟುಬಿಡಿ, 'ಹಗ್' ಇದೇ ಕೆಲಸ ಮಾಡುತ್ತದೆ.

ಒಲ್ಲೆ ಅನ್ನುವ ಮಗುವಿಗೆ

ಇದನ್ನು ಜನ ಕೊಳ್ಳುವುದಿಲ್ಲ. ಕೊಳ್ಳಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

ನಮ್ಮ ಕಡೆ ಮನೆಗೆ ಬಂದವರೆಲ್ಲ ಮಗುವಿನ ಗಲ್ಲ ಹಿಂಡುತ್ತಾರೆ. ಎತ್ತಿಕೊಳ್ಳುತ್ತಾರೆ. "ಒಂದು ಮುದ್ದು ಕೊಡು, ಚಾಕಲೇಟ್ ಕೊಡ್ತೀನಿ" ಅನ್ನುತ್ತಾರೆ. ಬಹಳ ಮಂದಿಯದು ಬರೀ ಅಕ್ಕರೆ. ಆದರೆ ನನ್ನ ಮಗಳಿಗೆ ಅದು ಸೇರುವುದಿಲ್ಲ. ಮೈ ಬಿಗಿ ಮಾಡಿಕೊಂಡು ಮುಖ ಆ ಕಡೆ ತಿರುಗಿಸುತ್ತಾಳೆ. ಮೊದಲು ನಾನೂ "ಕೊಡವ್ವಾ, ಕಾಕಾ ಬೇಜಾರು ಮಾಡ್ಕೋತಾರ" ಅಂತಿದ್ದೆ. ಒಂದು ಮದುವೆಯಲ್ಲಿ ಹಾಗೆ ಹೇಳಿ ಒಬ್ಬರ ತೊಡೆಗೆ ಕೂರಿಸಿದೆ. ಅವಳು ಅಳಲಿಲ್ಲ, ಸುಮ್ಮನೆ ನನ್ನನ್ನೇ ನೋಡುತ್ತಾ ಕೂತಳು. ಆ ನೋಟ ನನಗೆ ಮರೆಯುವುದಿಲ್ಲ.

ಕ್ಯಾರಿ ಫಿನಿಸನ್ ಅವರ 'ಡೋಂಟ್ ಹಗ್ ಡಗ್' 2021ರಲ್ಲಿ ಬಂದಿದ್ದು. ಡಗ್ ಅನ್ನುವ ಹುಡುಗನಿಗೆ ಅಪ್ಪಿಕೊಳ್ಳುವುದು ಇಷ್ಟ ಇಲ್ಲ. ಅವನು ಸಿಡುಕನಲ್ಲ, ಗೆಳೆಯರು ಬೇಡ ಅನ್ನುವವನೂ ಅಲ್ಲ. ಅವನಿಗೆ ಕೈಗೆ ಕೈ ಚಪ್ಪಾಳೆ ತಟ್ಟುವುದು ಇಷ್ಟ. ಯಾರಿಗೆ ಏನಿಷ್ಟ ಅಂತ ತಿಳಿಯುವುದು ಹೇಗೆ? ಕೇಳಬೇಕು, ಅಷ್ಟೇ. ಇಂಗ್ಲಿಷ್ ಪ್ರಾಸದಲ್ಲಿದೆ, ಕನ್ನಡಕ್ಕೆ ಅದು ಬರುವುದಿಲ್ಲ. ನಾನು ಚಿತ್ರ ತೋರಿಸಿ "ಇವಗ ಬೇಕೇನ? ಕೇಳು" ಅಂತ ಮಾತ್ರ ಹೇಳುತ್ತೇನೆ. ಈಗ ಮಗಳು ಬಂದವರಿಗೆ ಕೈ ಎತ್ತಿ ಚಪ್ಪಾಳೆ ಕೊಡುತ್ತಾಳೆ. ಅವರಿಗೂ ಖುಷಿ, ಇವಳಿಗೂ ಖುಷಿ. ಅತ್ತೆ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ, "ಒಲ್ಲೆ ಅಂದ್ರ ಒಲ್ಲೇರಿ, ಬಿಡ್ರಿ." ತಬ್ಬಿಕೊಳ್ಳುವ ಪುಸ್ತಕ ನಾಲ್ಕು ಕೊಂಡವರು ಇದನ್ನೊಂದು ಐದನೆಯದಾಗಿ ಇಡಿ. ಬೇಡ ಅನ್ನುವ ಮಾತೂ ಮಗುವಿಗೆ ಮನೆಯಲ್ಲೇ ಮೊದಲು ಸಿಗಬೇಕು.

ದೊಡ್ಡವರನ್ನು ಅಳಿಸುವ ಪುಸ್ತಕಗಳ ಬಗ್ಗೆ ಒಂದೇ ಮಾತು. ರಾಬರ್ಟ್ ಮನ್ಶ್ ಅವರ 'ಲವ್ ಯು ಫಾರೆವರ್' 1986ರದು. ಮಗನನ್ನು ಮಡಿಲಲ್ಲಿ ತೂಗಿದ ಅವ್ವ ಮುಪ್ಪಾದಾಗ, ಆ ಮಗನೇ ಅವಳನ್ನು ಎತ್ತಿಕೊಂಡು ತೂಗುತ್ತಾನೆ. ಹುಟ್ಟುವ ಮೊದಲೇ ತೀರಿಕೊಂಡ ತಮ್ಮ ಎರಡು ಕೂಸುಗಳ ನೆನಪಿಗೆ ಅವರು ಇದನ್ನು ಬರೆದರು. ನಾನು ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ. ಮಕ್ಕಳು ಮಾತ್ರ ಪುಟ ತಿರುಗಿಸು ಅನ್ನುತ್ತಾರೆ. ಕುಬುಸದ ಕಾರ್ಯಕ್ಕೆ ಬಸುರಿ ಹೆಣ್ಣುಮಗಳಿಗೆ ಕೊಡುವಂತಿಲ್ಲ. ನಿಮ್ಮ ಅವ್ವನಿಗೆ ಕೊಡಿ.

ಕೊಳ್ಳುವಾಗ

ಒಂದೂವರೆ ವರ್ಷದ ಒಳಗಿನವರಿಗೆ ರಟ್ಟಿನ ಪುಟದ ಪುಸ್ತಕ ಸಿಕ್ಕರೆ ಒಳ್ಳೆಯದು, ಬೋರ್ಡ್ ಬುಕ್ ಅಂತ ಹಾಕಿರುತ್ತಾರೆ. ಮೂಲೆ ದುಂಡಗಿರುತ್ತದೆ, ಬಾಯಿಗೆ ಹಾಕಿಕೊಂಡರೂ ತಡೆಯುತ್ತದೆ. ಹುಟ್ಟಿದ ಹೊಸತರಲ್ಲಿ ಕೂಸಿನ ಕಣ್ಣಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ತನಕ ಮಾತ್ರ. ಅಂದರೆ ಒಂದು ಗೇಣು, ಜಾಸ್ತಿ ಅಂದರೆ ಗೇಣೂವರೆ. ಎತ್ತಿಕೊಂಡಾಗ ನಿಮ್ಮ ಮುಖ ಇರುವುದೂ ಅಷ್ಟೇ ದೂರ. ಪುಸ್ತಕವನ್ನೂ ಅಲ್ಲೇ ಹಿಡಿಯಿರಿ. ಅದಕ್ಕೆ ದಟ್ಟ ಬಣ್ಣದ ದೊಡ್ಡ ಚಿತ್ರ ಇರಬೇಕು, ಮೊಲದ ಪುಸ್ತಕದ ತೆಳು ಬಣ್ಣ ಆಗ ಕಾಣುವುದಿಲ್ಲ.

ಅಳತೆ ನೋಡದೆ ತರಿಸಬೇಡಿ. ನಾನು ಮೊಲದ ಪುಸ್ತಕ ಮೊದಲ ಸಲ ತರಿಸಿದಾಗ ಬಂದಿದ್ದು ಅಂಗೈಯಗಲದ್ದು. ಮಾರಿದವರು ಸೆಂಟಿಮೀಟರ್ ಹಾಕಿದ್ದರು, ಚಿತ್ರ ಮಾತ್ರ ದೊಡ್ಡದಾಗಿ ತೋರಿಸಿದ್ದರು. ವಾಪಸ್ ಕೊಡಲಿಕ್ಕೆ ಹದಿನೈದು ದಿನ ಓಡಾಡಿದೆ. ಈಗ ಸ್ಕೇಲು ಹಿಡಿದು ಅಳೆದು ನೋಡಿಯೇ ತರಿಸುತ್ತೇನೆ. ಇಬ್ಬರು ಮಕ್ಕಳು ಒಟ್ಟಿಗೆ ನೋಡುವುದಾದರೆ ಒಂದು ಕಡೆಯಾದರೂ 22 ಸೆಂಟಿಮೀಟರ್ ಇರಲಿ.

ದುಡ್ಡಿನ ಲೆಕ್ಕ ಹಾಕಿದರೆ ಹೊರದೇಶದ ಪುಸ್ತಕ ತುಟ್ಟಿ, ಒಂದಕ್ಕೇ ನೂರಾರು ರೂಪಾಯಿ. ಕನ್ನಡದಲ್ಲಿ ಪ್ರಥಮ್ ಬುಕ್ಸ್ ಮತ್ತು ನ್ಯಾಷನಲ್ ಬುಕ್ ಟ್ರಸ್ಟ್ ಪುಸ್ತಕಗಳು ಸೋವಿ. ದುಡ್ಡೇ ಬೇಡ ಅಂದರೆ ಸ್ಟೋರಿವೀವರ್ ಇದೆ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಜಾಲತಾಣ ಅದು. ಕನ್ನಡ ಕಥೆಗಳನ್ನು ಸುಮ್ನೆ ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ನಾಲ್ಕು ಹಂತ ಮಾಡಿದ್ದಾರೆ, ಈ ವಯಸ್ಸಿಗೆ ಒಂದನೇ ಹಂತ ಸಾಕು, ಪುಟಕ್ಕೆ ಒಂದೆರಡು ಸಾಲು. ಅಜ್ಜಿ, ಅವ್ವ, ತಮ್ಮ ಅಂತ ಹುಡುಕಿ. ಆದರೆ ದಯವಿಟ್ಟು ಫೋನಿನಲ್ಲೇ ಓದಿ ಮುಗಿಸಬೇಡಿ. ಫೋನು ಕೈಯಲ್ಲಿದ್ದರೆ ಮಗುವಿನ ಕಣ್ಣು ಫೋನಿನ ಮೇಲೆ, ನಿಮ್ಮ ಕೈಯೂ ಅದರ ಮೇಲೆಯೇ. ತಬ್ಬಿಕೊಳ್ಳಲಿಕ್ಕೆ ಒಂದು ಕೈಯಾದರೂ ಬಿಡುವಿರಬೇಕು. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಹೋಗಿ ನೋಡಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಶಾಲೆ ಮಕ್ಕಳಿಗೆ ಅಲ್ಲಿ ಸದಸ್ಯತ್ವಕ್ಕೆ ದುಡ್ಡಿಲ್ಲ. ಅಕ್ಕನ ಹೆಸರಲ್ಲಿ ತಮ್ಮನಿಗೂ ಪುಸ್ತಕ ಬರುತ್ತದೆ.

ಒಂದೇ ಪುಸ್ತಕ ಕೊಳ್ಳುವುದು ಅಂದರೆ, ತೊಟ್ಟಿಲ ಕಾರ್ಯಕ್ಕೆ ಸೀರೆಯದು, ಕನ್ನಡ ಇರುವ ಪ್ರತಿ. ಎರಡನೆಯದಕ್ಕೆ ದುಡ್ಡಿದ್ದರೆ 'ಹಗ್', ರಟ್ಟಿನ ಪುಟದ್ದು. ಮಗುವಿಗೆ ನಾಲ್ಕಾದಾಗ ಕಳ್ಳಿ ಮತ್ತು ಡಗ್. ಉಳಿದವನ್ನು ಯಾರದಾದರೂ ಮನೆಯಿಂದ ಕೇಳಿ ತಂದು ಓದಿ ಕೊಟ್ಟರೂ ಆಗುತ್ತದೆ.

ಹರಿದರೆ ಬಿಸಾಡಬೇಡಿ. ಜಾಸ್ತಿ ಓದಿದ ಪುಸ್ತಕ ಮೊದಲು ಬಿಡುವುದು ಬೆನ್ನಿನ ಹತ್ತಿರ. ಪಾರದರ್ಶಕ ಟೇಪು ಬೇಸಿಗೆಗೆ ಹಳದಿಯಾಗಿ ಎದ್ದು ಬರುತ್ತದೆ, ನಮ್ಮ ಬಾಗಲಕೋಟೆ ಬಿಸಿಲಿಗೆ ಒಂದು ವರ್ಷವೂ ತಡೆಯುವುದಿಲ್ಲ. ಬಟ್ಟೆ ಪಟ್ಟಿಗೆ ಅಂಟು ಹಚ್ಚಿ, ಬೆನ್ನಿಗೆ ಹಾಕಿ, ಮೇಲೆ ಭಾರ ಇಟ್ಟು ರಾತ್ರಿಯಿಡೀ ಬಿಡಿ. ನಮ್ಮ ತೆಕ್ಕಿ ಪುಸ್ತಕದ ಬೆನ್ನಿಗೆ ಈಗ ಗುಳೇದಗುಡ್ಡದ ಖಣ ಇದೆ. ಅತ್ತೆ ತಮ್ಮ ಹಳೆ ಕುಬುಸದಿಂದ ಕತ್ತರಿಸಿ ಅಂಟಿಸಿದ್ದು.